ಹೂವಿನ ಮೊಳ, ಕತ್ತಿನ ಡಿಗ್ರಿ

ಮಗಳೇ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. ನಾಳೆ ಹೇಳ್ತೀನಿ ಅಂದು ಇಟ್ಟುಬಿಟ್ಟೆ. ಬೆಳಿಗ್ಗೆ ಎದ್ದು ಯೋಚಿಸಿದರೆ ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ನಿವೃತ್ತ ಮೇಷ್ಟ್ರೊಬ್ಬರು ಕತ್ತುನೋವೆಂದು ನಿಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದಾರೆ. ಸೋಮವಾರ ಸಂಜೆ ನೀನು ಮೊಬೈಲ್ ಆ್ಯಪ್‌ನಲ್ಲಿ ಅಳೆದಾಗ ಅವರ ತಲೆ ಬಲಕ್ಕೆ 68 ಡಿಗ್ರಿ ತಿರುಗಿತ್ತು. ಗುರುವಾರ ನಿನಗೆ ರಜೆ. ನಿನ್ನ ಜೊತೆಯ ಹುಡುಗ ಬೆಳಿಗ್ಗೆ ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಅಳೆದು 54 ಎಂದು ಬರೆದ. ಮೇಷ್ಟ್ರು ತಮ್ಮ ಫೈಲನ್ನು ತಾವೇ ಓದುವ ಜಾತಿ. "ಮೂರು ದಿನ ನೀವು ಹೇಳಿದ ವ್ಯಾಯಾಮ ಮಾಡಿ ಹದಿನಾಲ್ಕು ಡಿಗ್ರಿ ಕಳಕೊಂಡೆನಲ್ಲ" ಎಂದು ವ್ಯಾಯಾಮವನ್ನೇ ಬಿಟ್ಟು ಕೂತಿದ್ದಾರೆ. "ಚಿಕ್ಕಪ್ಪಾ, ಯಾರ ಅಳತೆ ತಪ್ಪು?" ಅಂತ ನಿನ್ನ ಪ್ರಶ್ನೆ.

ಇಬ್ಬರದೂ ತಪ್ಪಿರಲಿಕ್ಕಿಲ್ಲ. ಆ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದದ್ದು ತಪ್ಪು.

ಚಿಕ್ಕವಳಿದ್ದಾಗ ನೀನು ಅಜ್ಜಿಯ ಜೊತೆ ಹೂವಿನ ಅಂಗಡಿಗೆ ಹೋಗುತ್ತಿದ್ದೆಯಲ್ಲ, ಅದನ್ನು ನೆನೆಸಿಕೋ. ಅಜ್ಜಿ ಯಾವತ್ತೂ ಒಬ್ಬಳೇ ಹೂವಾಡಗಿತ್ತಿಯ ಹತ್ತಿರ ಮಲ್ಲಿಗೆ ಕೊಳ್ಳುತ್ತಿದ್ದರು. ಅವಳ ಮೊಳ ದೊಡ್ಡದು ಅಂತಲ್ಲ. ಅವಳು ಇವತ್ತು ಅಳೆದ ಮೊಳವೂ ನಾಳೆ ಅಳೆಯುವ ಮೊಳವೂ ಒಂದೇ ಆಗಿರುತ್ತಿತ್ತು, ಅದಕ್ಕೆ. ಪಕ್ಕದ ಅಂಗಡಿಯವಳದ್ದು ಉದ್ದನೆಯ ಕೈ, ಅವಳ ಮೊಳ ಬೇರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಇವಳ ಎರಡು ಮೊಳವನ್ನೂ ಅವಳ ಎರಡು ಮೊಳವನ್ನೂ ಪಕ್ಕಪಕ್ಕ ಹಿಡಿದರೆ ಉದ್ದ ಬೇರೆಬೇರೆ. ನಿಮ್ಮ ಪಠ್ಯದಲ್ಲಿ ಇಂಟ್ರಾ-ರೇಟರ್, ಇಂಟರ್-ರೇಟರ್ ರಿಲಯಬಿಲಿಟಿ ಅಂತ ಪುಟಗಟ್ಟಲೆ ಓದಿಸುತ್ತಾರಲ್ಲ, ಅದು ಇದೇ. ಒಬ್ಬಳೇ ಎರಡು ಸಲ ಅಳೆದಾಗ ಹೊಂದುತ್ತದೆಯೇ, ಇಬ್ಬರು ಅಳೆದಾಗ ಹೊಂದುತ್ತದೆಯೇ ಎಂಬ ಎರಡು ಬೇರೆ ಪ್ರಶ್ನೆಗಳು.

ಮೊಣಕಾಲನ್ನು ಅಳೆಯುವುದು ಸುಲಭ. ಬಾಗಿಲ ಕೀಲಿನ ಹಾಗೆ ಒಂದೇ ಕಡೆ ಮಡಚುತ್ತದೆ, ಮೇಲೆ ಕೆಳಗೆ ಉದ್ದನೆಯ ಮೂಳೆ ಇರುತ್ತದೆ, ಗೋನಿಯೋಮೀಟರಿನ ಎರಡು ತೋಳನ್ನು ಅವುಗಳ ಗುಂಟ ಇಟ್ಟರಾಯಿತು. ಕತ್ತು ಹಾಗಲ್ಲ. ಏಳು ಮೂಳೆ, ಒಂದೊಂದರ ನಡುವೆ ಒಂದಿಷ್ಟು ಚಲನೆ. ಹೂಂ ಅಂತ ತಲೆ ಆಡಿಸುವುದರಲ್ಲಿ ಹೆಚ್ಚಿನ ಪಾಲು ತಲೆಬುರುಡೆ ಮತ್ತು ಮೊದಲ ಮೂಳೆಯ ನಡುವಿನದು. ಊಹೂಂ ಅಂತ ಅಡ್ಡಡ್ಡ ಆಡಿಸುವುದರಲ್ಲಿ ಸುಮಾರು ಅರ್ಧ ಪಾಲು ಮೊದಲ ಮತ್ತು ಎರಡನೆಯ ಮೂಳೆಯ ನಡುವೆಯೇ ಆಗುತ್ತದೆ. ಮಿಕ್ಕದ್ದನ್ನು ಕೆಳಗಿನವು ಹಂಚಿಕೊಳ್ಳುತ್ತವೆ, ಅವು ಸಾಲದಿದ್ದರೆ ಬೆನ್ನಿನ ಮೇಲ್ಭಾಗ ಯಾರೂ ಕರೆಯದೆಯೂ ಸಹಾಯಕ್ಕೆ ಬರುತ್ತದೆ. ಹಾಗಾಗಿ ನಾವು ಅಳೆಯುವುದು ಕತ್ತನ್ನಲ್ಲ. ತಲೆ ಎಷ್ಟು ಸರಿಯಿತು ಎನ್ನುವುದನ್ನು ಅಳೆದು, ಅದನ್ನು ಕತ್ತಿನ ಲೆಕ್ಕಕ್ಕೆ ಬರೆಯುತ್ತೇವೆ. ಯಾವ ಉಪಕರಣ ತಂದರೂ ಈ ಸಾಲ ಮೈಮೇಲೇ ಇರುತ್ತದೆ. ಉಪಕರಣಗಳ ನಡುವಿನ ಜಗಳವೆಲ್ಲ ಆ ಬೆನ್ನಿನ ಪಾಲನ್ನು ಯಾವುದು ಎಷ್ಟು ಕಳೆಯುತ್ತದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಕಣ್ಣಳತೆ. ನಿಮ್ಮ ಕಾಲೇಜಿನಲ್ಲಿ ಇದನ್ನು ಹಳೆ ಕಾಲದ್ದು ಅಂತ ಬದಿಗೆ ಸರಿಸಿರಬಹುದು. ನಾನು ಸರಿಸುವುದಿಲ್ಲ. ರೋಗಿಯ ಹೆಸರು ಕರೆದಾಗ ಅವನು ಕತ್ತು ತಿರುಗಿಸಿ ನೋಡುತ್ತಾನೋ, ಇಡೀ ಮೈಯನ್ನೇ ಕಂಬದ ಹಾಗೆ ತಿರುಗಿಸುತ್ತಾನೋ ಎನ್ನುವುದರಲ್ಲಿ ಅರ್ಧ ವಿಷಯ ತಿಳಿಯುತ್ತದೆ. ಬಲಕ್ಕೂ ಎಡಕ್ಕೂ ಹೋಲಿಸಿ ಯಾವ ಕಡೆ ಕಮ್ಮಿ ಅನ್ನಲು ಕಣ್ಣು ಸಾಕು. ಆದರೆ ಹೋದ ವಾರಕ್ಕಿಂತ ಈ ವಾರ ಎಂಟು ಡಿಗ್ರಿ ಹೆಚ್ಚಿದೆ ಅನ್ನಲು ಕಣ್ಣಿಗೆ ಅಧಿಕಾರವಿಲ್ಲ. ನಮಗೆ ಒಳ್ಳೆಯದಾಗಲಿ ಎಂಬ ಆಸೆ ಇರುತ್ತದಲ್ಲ, ಕಣ್ಣು ಆ ಆಸೆಯ ಕಡೆಗೇ ವಾಲುತ್ತದೆ.

ಕಣ್ಣಳತೆಗೇ ಮೀಸಲಾದ ಒಂದು ಜಾಗವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತವಾದವರು ಬರುತ್ತಾರೆ. ಅಂಥವರು ಬಂದರೆ ಯಾವ ಉಪಕರಣವನ್ನೂ ಮುಟ್ಟಬೇಡ. ಕತ್ತಿನ ಮೂಳೆ ಮುರಿದಿಲ್ಲ ಅಂತ ಖಾತ್ರಿಯಾಗುವವರೆಗೆ ಅವರಿಗೆ ತಲೆ ಆಡಿಸಲು ಹೇಳಬಾರದು. 2001ರಲ್ಲಿ ಕೆನಡಾದ ತುರ್ತು ಚಿಕಿತ್ಸೆಯ ವೈದ್ಯರು ಇದಕ್ಕೊಂದು ನಿಯಮ ರೂಪಿಸಿದರು. ಎಚ್ಚರವಿರುವ ರೋಗಿಯ ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮೂರಡಿ ಅಥವಾ ಅದಕ್ಕಿಂತ ಎತ್ತರದಿಂದ ಬಿದ್ದಿದ್ದರೆ, ಕೈಕಾಲು ಜುಮುಗುಡುತ್ತಿದ್ದರೆ ನೇರ ಎಕ್ಸ್‌ರೇಗೆ. ಅವೇನೂ ಇಲ್ಲದೆ, ಅಪಾಯ ಕಡಿಮೆ ಎನ್ನಿಸುವ ಲಕ್ಷಣಗಳಿದ್ದರೆ ಮಾತ್ರ ತಲೆ ತಿರುಗಿಸಲು ಹೇಳುತ್ತಾರೆ. ಆಗ ಕೇಳುವುದು ಒಂದೇ: ತಾನಾಗಿಯೇ ಎರಡೂ ಕಡೆ 45 ಡಿಗ್ರಿ ತಿರುಗಿಸಬಲ್ಲನೇ, ಇಲ್ಲವೇ. 43 ಎಷ್ಟು, 47 ಎಷ್ಟು ಅಂತ ಅಲ್ಲಿ ಯಾರೂ ಗೋನಿಯೋಮೀಟರ್ ಹುಡುಕುವುದಿಲ್ಲ. ಅಡಿಕೆ ಮರ ಎಂದರೆ ಮೂರಡಿಯ ಲೆಕ್ಕ ಎಲ್ಲಿಯ ಮಾತು, ನೀನೇ ಯೋಚಿಸು. ಅವರು ನಿನ್ನ ಕೋಣೆಗೆ ಬರುವ ಮೊದಲು ವೈದ್ಯರ ಕೋಣೆಗೆ ಹೋಗಬೇಕು. ಹಳೆಯ ರುಮಟಾಯ್ಡ್ ಸಂಧಿವಾತದವರ ವಿಷಯದಲ್ಲೂ ಇದೇ ಎಚ್ಚರ. ಅವರ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು.

ಇನ್ನು ಟೇಪು. ದರ್ಜಿಯ ಟೇಪು, ಅಷ್ಟೇ. ನಾನು ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಇದ್ದದ್ದು ಅದೊಂದೇ. ಮುಂದಕ್ಕೆ ಬಾಗಿದಾಗ ಗದ್ದದಿಂದ ಎದೆಮೂಳೆಯ ಮೇಲಿನ ಗುಂಡಿಗೆ ಎಷ್ಟು ಸೆಂಟಿಮೀಟರ್, ಪಕ್ಕಕ್ಕೆ ವಾಲಿದಾಗ ಕಿವಿಯ ಹಿಂದಿನ ಗಂಟು ಮೂಳೆಯಿಂದ ಹೆಗಲ ತುದಿಗೆ ಎಷ್ಟು, ತಿರುಗಿದಾಗ ಗದ್ದದಿಂದ ಹೆಗಲ ತುದಿಗೆ ಎಷ್ಟು. ಅಗ್ಗ, ಬ್ಯಾಟರಿ ಬೇಡ, ಕಳೆದರೆ ಇನ್ನೊಂದು. ಒಬ್ಬಳೇ, ಒಬ್ಬನನ್ನೇ, ವಾರದಿಂದ ವಾರಕ್ಕೆ ಅಳೆಯುವುದಾದರೆ ಇದು ಎಷ್ಟೋ ದುಬಾರಿ ಯಂತ್ರಗಳಿಗೆ ಸಾಟಿ. ಆದರೆ ಸೆಂಟಿಮೀಟರನ್ನು ಡಿಗ್ರಿಗೆ ತಿರುಗಿಸುವ ಸೂತ್ರವಿಲ್ಲ. ಗಿಡ್ಡ ಕತ್ತಿನವನ ನಾಲ್ಕು ಸೆಂಟಿಮೀಟರೂ ಉದ್ದ ಕತ್ತಿನವನ ನಾಲ್ಕೂ ಒಂದಲ್ಲ. ಹೆಗಲು ಒಂಚೂರು ಮೇಲೆತ್ತಿದರೆ ಕಿವಿ ತಾನಾಗಿ ಹತ್ತಿರ ಬಂದುಬಿಡುತ್ತದೆ. ರೋಗಿ ಮೋಸ ಮಾಡುವುದಿಲ್ಲ, ನೋವಿರುವ ಮೈ ಮಾಡಿಸುತ್ತದೆ. ಇನ್ನೊಂದು: ಬಾಯಿ ಮುಚ್ಚಿದೆಯೇ ನೋಡು. ವಯಸ್ಸಾದವರಲ್ಲಿ ಹಲ್ಲಿನ ಸೆಟ್ ಹಾಕಿದ್ದಾರೆಯೇ ಕೇಳು. ಒಮ್ಮೆ ಸೆಟ್ ಹಾಕಿ, ಒಮ್ಮೆ ಬಿಚ್ಚಿ ಅಳೆದರೆ ಗದ್ದವೇ ಜಾಗ ಬದಲಿಸಿರುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಸೆಟ್ಟನ್ನು ಕೈಚೀಲದಲ್ಲಿಟ್ಟುಕೊಂಡು ಬಂದ ಅಜ್ಜಿಯೊಬ್ಬರು ಹೇಳಿಕೊಟ್ಟರು.

ಬೆನ್ನು ಗಟ್ಟಿಕಟ್ಟುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನವರು ಬಂದರೆ ಟೇಪನ್ನು ಕೀಳಾಗಿ ನೋಡಬೇಡ. ಇಂಗ್ಲೆಂಡಿನ ಬಾತ್ ಊರಿನವರು 1994ರಲ್ಲಿ ಪ್ರಕಟಿಸಿದ ಬಾಸ್ಮಿ ಅಳತೆಯಲ್ಲಿ ಐದು ಸಂಗತಿಗಳಿವೆ. ಅದರಲ್ಲಿ ಕತ್ತು ತಿರುಗುವುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ, ಜೊತೆಗೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕಿವಿಯ ಮುಂದಿನ ಗುಬುಟಿನಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಎಂದೂ ಅಳೆಯುತ್ತಾರೆ. 15ರ ಒಳಗಿದ್ದರೆ ಸೊನ್ನೆ ಅಂಕ, 30 ದಾಟಿದರೆ ಎರಡು. ಆ ರೋಗಿಗಳಿಗೆ ಗೋಡೆಯಿಂದ ತಲೆ ಎಷ್ಟು ಮುಂದೆ ಬಂದಿದೆ ಅನ್ನುವುದೇ ಬದುಕಿನ ಪ್ರಶ್ನೆ. ಎದುರಿಗೆ ಬರುವ ಮನುಷ್ಯನ ಮುಖ ಕಾಣುತ್ತದೋ, ಪಾದ ಕಾಣುತ್ತದೋ ಅನ್ನುವುದು ಅದರ ಮೇಲಿದೆ.

ಗೋನಿಯೋಮೀಟರ್ ಗೊತ್ತೇ ಇದೆ. ತಿರುಗುವುದನ್ನು ಅಳೆಯಲು ನಡುನೆತ್ತಿಯ ಮೇಲೆ ಅದರ ಕೇಂದ್ರ, ಒಂದು ತೋಳು ಹೆಗಲ ಸಾಲಿಗೆ, ಇನ್ನೊಂದು ಮೂಗಿನ ನೇರಕ್ಕೆ. ಮುಂದೆ ಹಿಂದೆ ಬಾಗುವುದಕ್ಕೆ ಕಿವಿಯ ರಂಧ್ರದಲ್ಲಿ ಕೇಂದ್ರ. ಪಕ್ಕಕ್ಕೆ ವಾಲುವುದಕ್ಕೆ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಏಳನೆಯ ಮೂಳೆ. ಹೇಳುವುದು ಸುಲಭ. ಈಗ ನಮ್ಮ ಊರಿನ ಹೆಂಗಸಿನ ನಡುನೆತ್ತಿ ಹುಡುಕು ನೋಡೋಣ. ತುರುಬು, ಅದರ ಮೇಲೆ ಹೂವು, ಅದರ ಮೇಲೆ ಸೆರಗು. ನೀನು ಎರಡು ತೋಳನ್ನೂ ಗಾಳಿಯಲ್ಲಿ ಹಿಡಿದು, ಬಗ್ಗಿ ನೋಡಿ, ಅಂಕಿ ಓದುವಷ್ಟರಲ್ಲಿ ರೋಗಿ ಕತ್ತು ನೋಯುತ್ತದೆಂದು ಅರ್ಧ ವಾಪಸು ಬಂದಿರುತ್ತಾನೆ. ಗೋನಿಯೋಮೀಟರಿನ ತೊಂದರೆ ಗೋನಿಯೋಮೀಟರಿನಲ್ಲಿಲ್ಲ, ಅದನ್ನು ಹಿಡಿಯುವ ಕೈಯಲ್ಲಿದೆ. ಹಾಗೆಂದು ಅದಕ್ಕೊಂದು ದೊಡ್ಡ ಗುಣವಿದೆ. ಒಂದು ತೋಳನ್ನು ಹೆಗಲ ಸಾಲಿಗೇ ಇಡುವುದರಿಂದ, ರೋಗಿ ಮೈ ತಿರುಗಿಸಿದರೆ ಆ ಪಾಲು ತಾನಾಗಿ ಕಳೆದುಹೋಗುತ್ತದೆ. ಈ ಮಾತು ನೆನಪಿಟ್ಟುಕೋ, ಮೇಷ್ಟ್ರ ವಿಷಯಕ್ಕೆ ಬೇಕಾಗುತ್ತದೆ.

ಇನ್‌ಕ್ಲೈನೋಮೀಟರ್ ಅಂದರೆ ಗಾರೆಯವನ ರಸಮಟ್ಟದ ತಮ್ಮ. ಭೂಮಿ ಎತ್ತ ಎಳೆಯುತ್ತದೆ ಎನ್ನುವುದು ಅದಕ್ಕೆ ಗೊತ್ತು, ಅಷ್ಟು ಗೊತ್ತಿದ್ದರೆ ಮುಂದೆ ಹಿಂದೆ ಬಾಗುವುದನ್ನೂ ಪಕ್ಕಕ್ಕೆ ವಾಲುವುದನ್ನೂ ಅಳೆಯಬಹುದು. ಮೂಳೆ ಹುಡುಕುವ ಗೋಜು ಕಡಿಮೆ, ನಮ್ಮಂಥ ಕಡೆ ನಾನು ಹೆಚ್ಚು ನೆಚ್ಚಿಕೊಂಡದ್ದು ಇದನ್ನೇ. ಒಂದನ್ನು ತಲೆಯ ಮೇಲೆ, ಇನ್ನೊಂದನ್ನು ಕತ್ತಿನ ಬುಡದಲ್ಲಿ ಇಟ್ಟು ಒಂದರಲ್ಲಿ ಇನ್ನೊಂದನ್ನು ಕಳೆದರೆ ಬೆನ್ನಿನ ಪಾಲೂ ಹೋಗುತ್ತದೆ. ಆದರೆ ಕೂತವನು ತಲೆ ತಿರುಗಿಸಿದರೆ ಇದು ಮೂಕ. ತಲೆ ತಿರುಗುವಾಗ ಮೇಲು ಕೆಳಗು ಬದಲಾಗುವುದಿಲ್ಲವಲ್ಲ. ಅದಕ್ಕೆ ರೋಗಿಯನ್ನು ಅಂಗಾತ ಮಲಗಿಸಿ, ಹಣೆಯ ಮೇಲಿಟ್ಟು ಅಳೆಯಬೇಕು. ಮಲಗಿದಾಗ ನಾಲ್ಕೈದು ಕಿಲೋ ತೂಕದ ತಲೆಯನ್ನು ಹೊರುವ ಕೆಲಸ ಸ್ನಾಯುಗಳಿಗಿಲ್ಲ, ಬೆನ್ನು ಮಂಚಕ್ಕೆ ಒತ್ತಿರುತ್ತದೆ. ಹಾಗಾಗಿ ಮಲಗಿಸಿ ಅಳೆದ ಅಂಕಿ ಬೇರೆ, ಕೂರಿಸಿ ಅಳೆದ ಅಂಕಿ ಬೇರೆ. ಎರಡನ್ನೂ ಕಲಸಬೇಡ.

ಈಗ ಎಲ್ಲರೂ ಹೊಗಳುವ ಸಿಆರ್‌ಓಎಂ. ಕನ್ನಡಕದ ಹಾಗೆ ಮೂಗು ಕಿವಿಗೆ ಹಾಕುವ ಪ್ಲಾಸ್ಟಿಕ್ ಚೌಕಟ್ಟು. ಕಿವಿಯ ಪಕ್ಕಕ್ಕೊಂದು, ಹಣೆಗೊಂದು ಭಾರದ ಮುಳ್ಳಿನ ಡಯಲ್, ನೆತ್ತಿಯ ಮೇಲೆ ಒಂದು ದಿಕ್ಸೂಚಿ. ಹೆಗಲಿಗೆ ಅಯಸ್ಕಾಂತವಿರುವ ನೊಗದಂಥ ಪಟ್ಟಿ. ಮೈ ತಿರುಗಿದರೆ ನೊಗವೂ ತಿರುಗುತ್ತದೆ, ಮುಳ್ಳು ಅದರ ಜೊತೆ ಹೋಗುತ್ತದೆ, ತಲೆ ತಿರುಗಿದ ಲೆಕ್ಕ ಮಾತ್ರ ಉಳಿಯುತ್ತದೆ. ಜಾಣ ಯೋಚನೆ. 1991ರಲ್ಲಿ ಯೂಡಸ್, ಕ್ಯಾರಿ ಮತ್ತು ಗ್ಯಾರೆಟ್ ಎಂಬ ಮೂವರು ಅಮೆರಿಕದ "ಫಿಸಿಕಲ್ ಥೆರಪಿ" ಪತ್ರಿಕೆಯಲ್ಲಿ ಇದನ್ನೂ ಗೋನಿಯೋಮೀಟರನ್ನೂ ಕಣ್ಣಳತೆಯನ್ನೂ ಹೋಲಿಸಿ ಬರೆದರು. ಕತ್ತಿನ ತೊಂದರೆಯ 60 ರೋಗಿಗಳು, ಅಳೆಯಲು 11 ಮಂದಿ ಫಿಸಿಯೋಥೆರಪಿಸ್ಟರು. ಒಬ್ಬರೇ ಎರಡು ಸಲ ಅಳೆದಾಗ ಸಿಆರ್‌ಓಎಂ ಆಗಲಿ ಗೋನಿಯೋಮೀಟರ್ ಆಗಲಿ, ಹೊಂದಾಣಿಕೆಯ ಅಂಕ 0.80ಕ್ಕಿಂತ ಮೇಲಿತ್ತು. 1 ಬಂದರೆ ಪೂರ್ತಿ ಹೊಂದಿದ ಹಾಗೆ. ಬೇರೆಬೇರೆಯವರು ಅಳೆದಾಗ ಸಿಆರ್‌ಓಎಂ ಮಾತ್ರ 0.80ರ ಮೇಲೆ ನಿಂತಿತು. ಗೋನಿಯೋಮೀಟರೂ ಕಣ್ಣಳತೆಯೂ ಬಹುಪಾಲು ಅದರ ಕೆಳಗೆ ಬಿದ್ದವು. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನೀನೊಬ್ಬಳೇ ಅಳೆಯುವೆಯಾದರೆ ಹಳೆಯ ಗೋನಿಯೋಮೀಟರ್ ಸಾಕು. ಇವತ್ತು ನೀನು, ನಾಳೆ ಇನ್ನೊಬ್ಬ ಅನ್ನುವ ಕ್ಲಿನಿಕ್ಕಿಗೆ ಸಾಲದು.

ಆದರೆ ಸಿಆರ್‌ಓಎಂಗೂ ಕೋಲೆ ಬಸವನ ಹಾಗೆ ತಲೆ ಆಡಿಸಬೇಡ. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಆ ಉಪಕರಣ ಬಂದಾಗ ನಾನು ಹಬ್ಬದ ಹುಡುಗನ ಹಾಗಿದ್ದೆ. ಒಂದು ವಾರ ಬಂದವರನ್ನೆಲ್ಲ ಅಳೆದೆ, ಚೆಂದವಾಗಿ ರಿಜಿಸ್ಟರಿನಲ್ಲಿ ಬರೆದೆ. ಶನಿವಾರ ನಮ್ಮ ಅಟೆಂಡರ್ ರಿಜಿಸ್ಟರ್ ಎತ್ತಿಡುವಾಗ ಹಾಳೆ ತಿರುವಿ ನೋಡಿ, "ಏನ್ ಸಾರ್, ಈ ವಾರ ಬಂದವರಿಗೆಲ್ಲ ಎಡಗಡೆನೇ ಹಿಡ್ಕೊಂಡದಲ್ಲ" ಅಂದ. ನನ್ನ ಕತ್ತನ್ನೇ ಅಳೆದುಕೊಂಡೆ. ನನ್ನದೂ ಎಡಕ್ಕೆ ಕಮ್ಮಿ! ಕುರ್ಚಿಯನ್ನು ಇಟ್ಟಿದ್ದು ಸ್ಟೀಲ್ ಕಪಾಟಿನ ಪಕ್ಕದಲ್ಲಿ. ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ಕಪಾಟನ್ನು ನೋಡುತ್ತಿತ್ತು. ಕುರ್ಚಿಯನ್ನು ಮರದ್ದಕ್ಕೆ ಬದಲಿಸಿ, ಕೋಣೆಯ ನಡುವೆ ಇಟ್ಟ ಮೇಲೆ ಊರಿನವರ ಎಡಗಡೆ ಒಂದೇ ದಿನಕ್ಕೆ ಗುಣವಾಯಿತು. ಆ ಒಂದು ವಾರದ ಹಾಳೆಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದೆ. ಇಬ್ಬರು ರೋಗಿಗಳಿಗೆ ಎಡಗಡೆಗೆಂದೇ ಹೇಳಿಕೊಟ್ಟಿದ್ದ ವ್ಯಾಯಾಮಕ್ಕೆ ಏನು ಸಮಜಾಯಿಷಿ ಕೊಟ್ಟೆ ಎಂದು ಕೇಳಬೇಡ.

ನಿನ್ನ ಮೊಬೈಲ್ ಆ್ಯಪಿನ ಒಳಗೂ ಇರುವುದು ಮುಖ್ಯವಾಗಿ ಈ ಎರಡೇ. ಒಂದು ಭೂಮಿಯ ಎಳೆತ ತಿಳಿಯುವ ಚಿಪ್, ಇನ್ನೊಂದು ದಿಕ್ಸೂಚಿಯ ಚಿಪ್. ಜೊತೆಗೆ ತಿರುಗುವ ವೇಗ ತಿಳಿಯುವ ಗೈರೋಸ್ಕೋಪ್, ಅದು ಹೊತ್ತು ಕಳೆದಂತೆ ನಿಧಾನಕ್ಕೆ ದಾರಿ ತಪ್ಪುತ್ತದೆ. ಮುಂದೆ ಹಿಂದೆ, ಪಕ್ಕಕ್ಕೆ ಬಾಗುವುದನ್ನು ಫೋನು ಚೆನ್ನಾಗಿಯೇ ಹೇಳುತ್ತದೆ. ಕೂರಿಸಿ ತಿರುಗಿಸಿ ಅಳೆಯುವುದರಲ್ಲಿ ಮಾತ್ರ ಅದನ್ನು ಪೂರ್ತಿ ನಂಬಬೇಡ. ಕಬ್ಬಿಣದ ಸ್ಟೂಲು, ಟ್ರಾಕ್ಷನ್ ಮಂಚ, ಫೋನಿನ ಕವರಿನಲ್ಲಿರುವ ಅಯಸ್ಕಾಂತದ ಗುಂಡಿ, ಯಾವುದೂ ಸಾಕು ಅದನ್ನು ಕೆಡಿಸಲು. ಅದಕ್ಕಿಂತ ಮುಖ್ಯ, ಫೋನಿಗೆ ಹೆಗಲ ಸುದ್ದಿಯೇ ಗೊತ್ತಿಲ್ಲ. ಮೈ ತಿರುಗಿದ್ದನ್ನೂ ಅದು ಕತ್ತಿನ ಖಾತೆಗೇ ಜಮಾ ಮಾಡುತ್ತದೆ.

ಎಕ್ಸ್‌ರೇ ತೆಗೆದು ಗೆರೆ ಎಳೆದು ಅಳೆಯುವುದು, ಮೈಗೆ ಚುಕ್ಕೆ ಅಂಟಿಸಿ ಕ್ಯಾಮರಾಗಳಿಂದ ಅಳೆಯುವುದು, ಇವೂ ಇವೆ. ಒಂದೊಂದು ಮೂಳೆಯ ನಡುವೆ ಎಷ್ಟು ಚಲನೆ ಎಂದು ತಿಳಿಯಬೇಕಾದ ಶಸ್ತ್ರಚಿಕಿತ್ಸಕರಿಗೆ ಎಕ್ಸ್‌ರೇ ಬೇಕು. ವ್ಯಾಯಾಮದಿಂದ ಗುಣ ಕಂಡಿದೆಯೇ ಎಂದು ನೋಡಲು ಯಾರಿಗೂ ವಾರವಾರ ವಿಕಿರಣ ಕೊಡಬಾರದು. ಕ್ಯಾಮರಾದ್ದು ಸಂಶೋಧನೆಯ ಕೋಣೆಯ ಮಾತು.

ಉಪಕರಣದ ಕಥೆ ಇಷ್ಟು. ಆದರೆ ನನ್ನ ಅನುಭವದಲ್ಲಿ ಹೆಚ್ಚು ಡಿಗ್ರಿ ತಿಂದುಹಾಕುವುದು ಉಪಕರಣವಲ್ಲ, ನಾವು ಆಡುವ ಮಾತು ಮತ್ತು ಕೂರಿಸುವ ರೀತಿ. "ಕೆಳಗೆ ನೋಡಿ" ಅಂದರೆ ಅರ್ಧ ಜನ ಕಣ್ಣು ಮಾತ್ರ ಇಳಿಸುತ್ತಾರೆ. "ಗದ್ದ ಎದೆಗೆ ತಾಗಿಸಿ" ಅಂದರೆ ಕತ್ತು ಬಾಗುತ್ತದೆ. "ಹಿಂದೆ ನೋಡಿ" ಅಂದೆಯೋ, ಮನುಷ್ಯ ಸೊಂಟದಿಂದಲೇ ತಿರುಗಿ ಬಾಗಿಲ ಹತ್ತಿರ ಯಾರು ಬಂದರೆಂದು ನೋಡುತ್ತಾನೆ. "ಮೈ ಅಲ್ಲಾಡಿಸದೆ, ಗದ್ದವನ್ನು ಹೆಗಲ ಕಡೆ ತನ್ನಿ" ಅನ್ನಬೇಕು. ಉತ್ತರ ಕರ್ನಾಟಕದವರಿಗೆ ಕತ್ತು ಅಂದರೆ ಆಗುತ್ತದೆ, ಆದರೆ "ಗೋಣು ತಿರುಗಸ್ರಿ" ಅಂದರೆ ಮೈ ಸಡಿಲ ಬಿಟ್ಟು ಮಾಡುತ್ತಾರೆ. ನೀವು ಇಬ್ಬರೂ ಒಂದೇ ಮಾತು ಆಡಬೇಕು. ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಕೂರುವ ಭಂಗಿಯೂ ಹಾಗೆಯೇ. ಈಗಲೇ ಮಾಡಿ ನೋಡು: ಬೆನ್ನು ಗೂನಿ ಮಾಡಿಕೊಂಡು ಕೂತು ತಲೆ ತಿರುಗಿಸು, ಆಮೇಲೆ ನೆಟ್ಟಗೆ ಕೂತು ತಿರುಗಿಸು. ಅದೇ ಕತ್ತು, ಎರಡು ಅಂಕಿ. ಆದ್ದರಿಂದ ಒರಗುಬೆನ್ನಿನ ಕುರ್ಚಿ, ಪಾದ ನೆಲಕ್ಕೆ, ಕೈ ತೊಡೆಯ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲಿನ ಒಂದು ಗುರುತಿನ ಮೇಲೆ. ಆ ಗುರುತು ನಿನ್ನ ಸೊನ್ನೆ ಡಿಗ್ರಿ. ಮೊದಲು ಎರಡು ಮೂರು ಸಲ ಸುಮ್ಮನೆ ಆಡಿಸಲು ಬಿಡು, ಹೆದರಿಕೆ ಬಿಡಲಿ, ಆಮೇಲೆ ಮೂರು ಸಲ ಅಳೆದು ಸರಾಸರಿ ಬರೆ. ಹೊತ್ತೂ ಒಂದೇ ಇರಲಿ. ಬೆಳಗಿನ ಬಿಗಿತ ಹನ್ನೊಂದು ಗಂಟೆಗೆ ಇರುವುದಿಲ್ಲ. ಬಿಸಿ ಶಾಖ ಕೊಟ್ಟ ಮೇಲೆ ಅಳೆದು ಹಿಗ್ಗುವವರನ್ನು ಬೇಕಾದಷ್ಟು ನೋಡಿದ್ದೇನೆ, ಆ ಡಿಗ್ರಿಗಳು ರೋಗಿ ಮನೆ ಸೇರುವ ಮೊದಲೇ ತಣ್ಣಗಾಗಿರುತ್ತವೆ. ತಾನಾಗಿ ಆಡಿಸಿದ್ದೋ, ನೀನು ಕೈಯಿಂದ ತಳ್ಳಿದ್ದೋ ಅದನ್ನೂ ಬರೆ.

ಅಂಕಿ ಬಂದ ಮೇಲೆ ಅದನ್ನು ಯಾವುದಕ್ಕೆ ಹೋಲಿಸುವುದು? ಇಲ್ಲೂ ಒಂದು ಬಲೆಯಿದೆ. ಅಮೆರಿಕದ ಮೂಳೆ ವೈದ್ಯರ ಅಕಾಡೆಮಿಯ ಹಳೆಯ ಪಟ್ಟಿಯಲ್ಲಿ ಕತ್ತು ಒಂದು ಕಡೆಗೆ ತಿರುಗುವುದು 60 ಡಿಗ್ರಿ, ಅಲ್ಲಿನದೇ ವೈದ್ಯ ಸಂಘದ ಕೈಪಿಡಿಯಲ್ಲಿ 80. ಒಂದು ಪುಸ್ತಕದಲ್ಲಿ ಸಹಜವಾದವನು ಇನ್ನೊಂದರಲ್ಲಿ ರೋಗಿ. ವಯಸ್ಸನ್ನೂ ಕೇಳದೆ ಸಹಜ ಅನ್ನುವುದಾದರೂ ಹೇಗೆ? ಯೂಡಸ್ ಮತ್ತು ಜೊತೆಯವರು 1992ರಲ್ಲಿ 11ರಿಂದ 97 ವಯಸ್ಸಿನ 337 ಆರೋಗ್ಯವಂತರನ್ನು ಸಿಆರ್‌ಓಎಂ ಹಾಕಿ ಅಳೆದರು. ಪ್ರತಿ ಹತ್ತು ವರ್ಷಕ್ಕೆ ಕತ್ತು ಹಿಂದಕ್ಕೆ ಬಾಗುವುದು ಸುಮಾರು 5 ಡಿಗ್ರಿ, ಮಿಕ್ಕೆಲ್ಲ ಕಡೆ ಸುಮಾರು 3 ಡಿಗ್ರಿ ಕಮ್ಮಿಯಾಗುತ್ತ ಹೋಗುತ್ತದೆ ಎಂದು ಕಂಡುಕೊಂಡರು. ನಿನ್ನ ಮೇಷ್ಟ್ರನ್ನು ಇಪ್ಪತ್ತರ ಹುಡುಗನ ಪಟ್ಟಿಗೆ ಹಚ್ಚಿದರೆ ಪಾಪ, ಅವರು ಫೇಲೇ. ನಾನಂತೂ ಪುಸ್ತಕದ ಅಂಕಿಗಿಂತ ಅವನದೇ ಇನ್ನೊಂದು ಕಡೆಯ ಅಂಕಿಗೆ, ಅವನದೇ ಹೋದ ತಿಂಗಳ ಅಂಕಿಗೆ ಹೋಲಿಸುತ್ತಿದ್ದೆ. ಐದು ಡಿಗ್ರಿಯೊಳಗಿನ ಏರಿಳಿತಕ್ಕೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಕೈ ಬದಲಾಗಿದ್ದರೆ ಹತ್ತಕ್ಕೂ ಅಷ್ಟೇ.

ಕೆಲವು ಸಲ ಡಿಗ್ರಿಯೇ ಬೇಕಿರುವುದಿಲ್ಲ. ತೀರ್ಥಹಳ್ಳಿ ಕಡೆಯ, ಅಡಿಕೆ ಕೊನೆ ಕೊಯ್ಯುವ ಕೊನೆಗಾರನೊಬ್ಬ ಬರುತ್ತಿದ್ದ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವನೂ ಅವನೇ. ದಿನವಿಡೀ ತಲೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುವ ಕೆಲಸ. ನಾನು ಅಳೆದು "38 ಇದ್ದದ್ದು 50 ಆಗಿದೆ ನೋಡು" ಅಂದರೆ ಅವನ ಮುಖದಲ್ಲಿ ಏನೂ ಇಲ್ಲ. "ಬುಡದಲ್ಲಿ ನಿಂತರೆ ಕೊನೆ ಕಾಣ್ತದಾ?" ಅಂತ ಕೇಳಿದೆ. "ಎರಡು ಹೆಜ್ಜೆ ಹಿಂದೆ ಸರಿದರೆ ಕಾಣ್ತದೆ, ಮೊದಲು ಆರು ಹೆಜ್ಜೆ ಸರೀಬೇಕಿತ್ತು" ಅಂದ. ಅವನ ಫೈಲಿನಲ್ಲಿ ಡಿಗ್ರಿಯ ಪಕ್ಕದಲ್ಲೇ ಹೆಜ್ಜೆಯನ್ನೂ ಬರೆದೆ. ಆಟೋ ಓಡಿಸುವವನಿಗೆ ರಿವರ್ಸ್ ತೆಗೆಯುವಾಗ ಹಿಂದಿನ ಗಾಜು, ಹೊಲಿಗೆಯವಳಿಗೆ ಎಷ್ಟು ಹೊತ್ತು ಬಗ್ಗಿ ಕೂರಬಲ್ಲಳು ಎನ್ನುವುದು. ಅದನ್ನೂ ಕೇಳಿ ಬರೆದುಕೊ, ಆದರೆ ಡಿಗ್ರಿಯ ಬದಲಿಗೆ ಅಲ್ಲ, ಜೊತೆಗೆ.

ತಲೆನೋವಿನ ಜೊತೆ ಕತ್ತುನೋವು ಬಂದವರಿಗೆ ಇನ್ನೊಂದು ಅಳತೆ ಕಲಿತಿರು. ಮಲಗಿಸಿ, ಕತ್ತನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಹಿಡಿದು, ಹಾಗೆಯೇ ಎರಡೂ ಕಡೆಗೆ ತಿರುಗಿಸುವುದು. ಬಾಗಿದ ಕತ್ತಿನಲ್ಲಿ ಕೆಳಗಿನ ಮೂಳೆಗಳಿಗೆ ಬೀಗ ಬಿದ್ದು, ಮೇಲಿನ ಎರಡರ ನಡುವಿನ ತಿರುವೇ ಹೆಚ್ಚಾಗಿ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು ಒಂದೊಂದು ಕಡೆ 44 ಡಿಗ್ರಿಯ ಆಸುಪಾಸು. ಒಂದು ಕಡೆ ಹತ್ತು ಡಿಗ್ರಿಗೂ ಮೀರಿ ಕಮ್ಮಿಯಾದರೆ ಅನುಮಾನ ಪಡು. ಒಟ್ಟು ತಿರುವನ್ನು ಅಳೆಯುವ ಸಿಆರ್‌ಓಎಂ ಇದನ್ನು ತಪ್ಪಿಸಿಬಿಡಬಹುದು, ಒಂದು ಕೀಲು ಸೋಮಾರಿಯಾದರೆ ಉಳಿದವು ಅದರ ಪಾಲಿನ ಕೆಲಸ ಮಾಡಿ ಒಟ್ಟು ಲೆಕ್ಕ ಸರಿತೂಗಿಸಿರುತ್ತವಲ್ಲ.

ಈಗ ಮೇಷ್ಟ್ರ ವಿಷಯ. ನೀನು ಅಳೆದದ್ದು ಸಂಜೆ, ಅವನು ಅಳೆದದ್ದು ಬೆಳಿಗ್ಗೆ. ನಿನ್ನ ಫೋನು ಮೈಯ ತಿರುವನ್ನೂ ಸೇರಿಸಿ ಎಣಿಸಿತು, ಅವನ ಗೋನಿಯೋಮೀಟರ್ ಅದನ್ನು ಕಳೆಯಿತು. ಕೈ ಬೇರೆ, ಬಹುಶಃ ಕುರ್ಚಿಯೂ ಬೇರೆ, ಹೇಳಿದ ಮಾತೂ ಬೇರೆ. ಹದಿನಾಲ್ಕು ಡಿಗ್ರಿ ಎಲ್ಲಿ ಹೋಯಿತೆಂದು ಮೇಷ್ಟ್ರ ಕತ್ತಿನಲ್ಲಿ ಹುಡುಕಬೇಕಾಗಿಲ್ಲ. ಸಿಆರ್‌ಓಎಂ ಕೊಡಿಸಿ ಅಂತ ಮಾಲೀಕರನ್ನು ಕಾಡಬೇಡ, ಅದಕ್ಕೆ ದುಡ್ಡು ಜಾಸ್ತಿ. ನೀವಿಬ್ಬರೂ ಕೂತು ಒಂದು ಪದ್ಧತಿ ಗೊತ್ತು ಮಾಡಿಕೊಳ್ಳಿ. ಬಾಗುವುದಕ್ಕೆ ಫೋನಿನ ಇನ್‌ಕ್ಲೈನೋಮೀಟರ್, ತಿರುಗುವುದಕ್ಕೆ ಮಲಗಿಸಿ ಅದೇ ಫೋನು, ನನ್ನ ಆಯ್ಕೆ ಅದು. ನಾಲ್ಕು ದಿನ ಒಬ್ಬರು ಇನ್ನೊಬ್ಬರ ಕತ್ತನ್ನೇ ಅಳೆದು ನೋಡಿ, ಅಂಕಿ ಒಂದಕ್ಕೊಂದು ಹತ್ತಿರ ಬರುವವರೆಗೂ. ಫೈಲಿನಲ್ಲಿ ಪ್ರತಿ ಅಂಕಿಯ ಪಕ್ಕ ಯಾವುದರಿಂದ ಅಳೆದದ್ದು, ಯಾರು, ಎಷ್ಟು ಗಂಟೆಗೆ, ಕೂತೋ ಮಲಗಿಯೋ ಎಂದು ನಾಲ್ಕೇ ಮಾತು ಬರೆಯಿರಿ.

ಮೇಷ್ಟ್ರಿಗೆ ನೀನೇ ಫೋನ್ ಮಾಡು. ಅವರ ಕತ್ತು ಕೆಟ್ಟಿಲ್ಲ, ನಮ್ಮ ಬರವಣಿಗೆ ಕೆಟ್ಟಿತ್ತು ಎಂದು ನೇರವಾಗಿ ಹೇಳು. ಮೇಷ್ಟ್ರುಗಳಿಗೆ ತಪ್ಪೊಪ್ಪಿಕೊಂಡವರ ಮೇಲೆ ಕೋಪ ನಿಲ್ಲುವುದಿಲ್ಲ. ವ್ಯಾಯಾಮ ಮತ್ತೆ ಶುರು ಮಾಡಲಿ. ಸೋಮವಾರ ಸಂಜೆ, ಹೋದ ಸೋಮವಾರ ಬಂದ ಹೊತ್ತಿಗೇ ಬರಲಿ. ಶಾಖ ಕೊಡುವ ಮೊದಲು ಮಲಗಿಸಿ ಮೂರು ಸಲ ಅಳೆದು, ಆ ಅಂಕಿಯನ್ನು ಹೊಸ ಹಾಳೆಯ ಮೊದಲ ಸಾಲಿನಲ್ಲಿ ಬರೆ. ಹಳೆಯ 68 ಮತ್ತು 54ರ ಕೆಳಗೆ ಬೇಡ.